ಎಡಗಣ್ಣು ಒಂದು ನೂಲು ಕೆಳಗೆ

ತುಮಕೂರಿನ ಶಿರಾ ಗೇಟಿನಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದ ಚಿಕ್ಕಬೀರಯ್ಯ ಸಂಜೆಯ ಡ್ರಾಯಿಂಗ್ ತರಗತಿಗೆ ಸೇರಿದಾಗ ಅವನ ಕಿವಿಯ ಪಕ್ಕದ ಕೂದಲು ಆಗಲೇ ನೆರೆತಿತ್ತು. ಅಲ್ಲಿದ್ದ ಉಳಿದವರೆಲ್ಲ ಪರೀಕ್ಷೆ ಪಾಸು ಮಾಡಿ ಯಾವುದಾದರೂ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಬೇಕು ಎಂದು ಬಂದವರು. ಇವನಿಗೆ ಪರೀಕ್ಷೆಯ ಗೊಡವೆಯೇ ಇರಲಿಲ್ಲ. "ಮಕ ಬರಿಯೋದು ಕಲೀಬೇಕು ಸಾ, ಅಷ್ಟೇಯ" ಎಂದು ಮೊದಲ ದಿನವೇ ಶಿವರಾಮಯ್ಯ ಮೇಷ್ಟ್ರಿಗೆ ಹೇಳಿ, ಕೊನೆಯ ಬೆಂಚಿಗೆ ಹೋಗಿ ಕೂತ. ಆ ಬೆಂಚಿನ ಇನ್ನೊಂದು ತುದಿಯಲ್ಲಿ ಅಂಜನಮೂರ್ತಿ ಕೂತಿದ್ದ.

ಅಂಜನಮೂರ್ತಿಗೆ ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಪಂಪುಸೆಟ್ಟುಗಳ ಮೇಲೆ ಕಂಪನಿಯ ಹೆಸರು, ನಂಬರು ಬರೆಯುವ ಕೆಲಸ. ಅಕ್ಷರ ಒಂದು ನೂಲು ಓರೆಯಾದರೂ ಸೀಮೆಎಣ್ಣೆ ಹಾಕಿ ಒರೆಸಿ ಮತ್ತೆ ಬರೆಯುತ್ತಿದ್ದ. "ಅದು ಬಾವಿಗೆ ಇಳಿಯೋ ಪಂಪು ಕಣಯ್ಯ, ಹಸೆಮಣೆ ಮೇಲೆ ಕೂರೋ ಹೆಣ್ಣಲ್ಲ" ಎಂದು ಸೂಪರ್‌ವೈಸರು ಬೈಯುತ್ತಿದ್ದ. ಬೈಸಿಕೊಂಡ ಮೇಲೂ ಅಂಜನಮೂರ್ತಿ ಒರೆಸುತ್ತಿದ್ದ. ತಾನು ಮಾಡಿದ್ದು ಸರಿಯಾಗಿದೆ ಎಂದು ಅವನಿಗೆ ಯಾವತ್ತೂ ಅನ್ನಿಸಿದ್ದಿಲ್ಲ. ಸಂಜೆ ತರಗತಿಯಲ್ಲೂ ಅಷ್ಟೇ. ರಬ್ಬರಿನಲ್ಲಿ ಉಜ್ಜಿ ಉಜ್ಜಿ ಅವನ ಕಾಗದ ತೂತು ಬೀಳುತ್ತಿತ್ತು.

ಒಂದು ಕೆಲಸದ ವಿಷಯದಲ್ಲಿ ಮಾತ್ರ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು. ಹಿಂದಿನ ವರ್ಷ ಶಿವರಾಮಯ್ಯ ಮೇಷ್ಟ್ರು ಅವನನ್ನು ಗುಬ್ಬಿಗೆ ಕಳಿಸಿದ್ದರು. ಹಳ್ಳಿ ನಾಟಕಗಳಿಗೆ ಸೀನರಿ ಬಾಡಿಗೆಗೆ ಕೊಡುತ್ತಿದ್ದ ವೆಂಕಟರಂಗಯ್ಯ ಎಂಬುವವರು ದಂಧೆ ನಿಲ್ಲಿಸಿ, ಗೋಡೌನಿನಲ್ಲಿದ್ದ ಹಳೆಯ ಪರದೆಗಳನ್ನು ರಿಪೇರಿ ಮಾಡಿಸುತ್ತಿದ್ದರು. ಭಾನುವಾರಗಳಂದು ಹೋಗಿ ಅಂಜನಮೂರ್ತಿ ಮಾಸಿದ ಅರಮನೆಗಳಿಗೆ, ಕಾಡುಗಳಿಗೆ, ದೇವರುಗಳಿಗೆ ಹೊಸ ಬಣ್ಣ ಕೊಟ್ಟಿದ್ದ. "ಕೈ ಅಂದ್ರೆ ಇದು ಕಣಪ್ಪ" ಎಂದು ವೆಂಕಟರಂಗಯ್ಯ ಬೆನ್ನು ತಟ್ಟಿದ್ದರು. ಹೇಳಿಕೊಂಡರೆ ಜಂಬವಾದೀತೆಂದು ಅಂಜನಮೂರ್ತಿ ಅದನ್ನು ಯಾರಿಗೂ ಹೇಳಿರಲಿಲ್ಲ.

ಮಳೆಗಾಲದ ಒಂದು ಸಂಜೆ ಮೇಷ್ಟ್ರು ಕರಿಹಲಗೆಯ ಮೇಲೆ ಕೋಳಿಮೊಟ್ಟೆಯಂಥ ಗೆರೆ ಎಳೆದು, ಅದರ ನಡುವೆ ಅಡ್ಡಗೆರೆ ಹಾಕಿದರು. "ಎರಡು ಕಣ್ಣೂ ಈ ಗೀಟಿನ ಮೇಲೆ ಕೂತಿರಬೇಕು. ಕಿವಿ ಹುಬ್ಬಿನಿಂದ ಮೂಗಿನ ತುದಿವರೆಗೆ. ಈಗ ಎಲ್ಲರೂ ಒಂದು ಹುಡುಗಿ ಮುಖ ಬರೀರಿ."

ಎಲ್ಲರೂ ಬರೆದರು. ಚಿಕ್ಕಬೀರಯ್ಯನ ಕಾಗದ ನೋಡಿ ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ಅದು ಅಂಗಡಿ ಬೋರ್ಡಿನ ಮೂಲೆಯಲ್ಲಿ ಇರುವಂಥ ಲಕ್ಷ್ಮಿಯ ಮುಖ. ಮೀನಿನ ಕಣ್ಣು, ಬಿಲ್ಲಿನ ಹುಬ್ಬು.

"ಏನ್ರೀ ಬೀರಯ್ಯ, ಹೋದ ವಾರ ಅಜ್ಜಿ ಬರೀರಿ ಅಂದ್ರೂ ಲಕ್ಷ್ಮಿ, ಇವತ್ತೂ ಲಕ್ಷ್ಮಿ. ದುಡ್ಡಿನ ಮೇಲೆ ಅಷ್ಟೊಂದು ಆಸೆನಾ?"

ತರಗತಿ ಗೊಳ್ಳೆಂದಿತು. ಚಿಕ್ಕಬೀರಯ್ಯನೂ ನಕ್ಕ. ನಗುತ್ತಲೇ ಆ ಕಾಗದವನ್ನು ಮಡಿಚಿ, ಇನ್ನೂ ಮಡಿಚಿ, ಬೀಡಿಯಷ್ಟು ಸಣ್ಣದು ಮಾಡಿ ಜೇಬಿಗೆ ಹಾಕಿಕೊಂಡದ್ದನ್ನು ಅಂಜನಮೂರ್ತಿ ನೋಡಿದ.

ತರಗತಿ ಬಿಟ್ಟ ಮೇಲೆ ಇಬ್ಬರೂ ಟೀ ಕುಡಿಯಲು ನಿಂತರು.

"ಬೇಜಾರು ಮಾಡ್ಕೋಬೇಡಿ ಬೀರಣ್ಣ. ಮೇಷ್ಟ್ರು ತಮಾಷೆಗೆ ಅಂದಿದ್ದು."

"ಬೇಜಾರು ಮೇಷ್ಟ್ರ ಮೇಲಲ್ಲ ಕಣೋ ಮೂರ್ತಿ. ನನ್ನ ಕೈ ಮೇಲೆ." ಚಿಕ್ಕಬೀರಯ್ಯ ತನ್ನ ಬಲಗೈಯನ್ನು ಬೇರೆ ಯಾರದೋ ಎಂಬಂತೆ ತಿರುಗಿಸಿ ನೋಡಿಕೊಂಡ. "ಇಪ್ಪತ್ತು ವರ್ಷ ದೇವರು ಬರ್ದು ಬರ್ದು ಇದಕ್ಕೆ ಬೇರೇದು ಬರಾಕಿಲ್ಲ. ಯಾರ್ನ ಬರಿಯಾಕೆ ಹೋದ್ರೂ ಲಕ್ಷ್ಮಿ ಬಂದು ಕೂತ್ಕತಾಳೆ. ನಮ್ಮ ಪುಟ್ಟತಾಯಿ ಬರೀಬೇಕು ಅಂತ ಕೂತೆ. ನೂರು ಸಲ ಕೂತಿದೀನಿ. ಬರಾಕಿಲ್ಲ ಅಂತಾಳೆ."

ಪುಟ್ಟತಾಯಿ ಅವನ ಮಗಳು. ಒಬ್ಬಳೇ ಮಗಳು. ಎರಡು ವರ್ಷದ ಹಿಂದೆ ಮೆದುಳುಜ್ವರ ಬಂದು ತೀರಿಕೊಂಡಿದ್ದಳು. ಆಗವಳಿಗೆ ಆರು ತುಂಬಿ ಏಳು ನಡೆಯುತ್ತಿತ್ತು. ಫೋಟೋ ತೆಗೆಸಿದರೆ ಮಕ್ಕಳ ಆಯಸ್ಸು ಕಮ್ಮಿಯಾಗುತ್ತದೆ ಎಂದು ಅವನ ತಾಯಿ ಹಟ ಹಿಡಿದಿದ್ದರಿಂದ ಮಗುವಿನ ಒಂದು ಫೋಟೋ ಕೂಡ ಇರಲಿಲ್ಲ.

"ಮೊದಮೊದಲು ಕಣ್ಣು ಮುಚ್ಚಿದ್ರೆ ಕಾಣೋಳು. ಈಗ ಬಟ್ಟೆ ಕಾಣ್ತದೆ, ಜಡೆ ಕಾಣ್ತದೆ, ಓಡೋದು ಕಾಣ್ತದೆ. ಈ ಕಡೆ ತಿರುಗು ಮಗ ಅಂದ್ರೆ ತಿರುಗಾಕಿಲ್ಲ. ಹಿಂಗೇ ಬಿಟ್ರೆ ಇನ್ನೊಂದು ವರ್ಷಕ್ಕೆ ಪೂರ್ತಿ ಹೊಂಟೋಗ್ತಾಳೆ ಕಣೋ. ಇದ್ದೋಳು ಹೋದ್ಲು, ಸರಿ. ನೆಪ್ಪೂ ಹೋಗಬೇಕಾ?"

"ಅತ್ತಿಗೆನ ಕೇಳಿದ್ರೆ ಹೇಳಲ್ವಾ, ಹೆಂಗಿದ್ಲು ಅಂತ?"

"ಸಿದ್ದಲಕ್ಷ್ಮಿನಾ? ಬಾಯಿ ಬಿಡಾಕಿಲ್ಲ. ಅದೇನ್ ಸೀರೆನಾ ಅಂಚು ಹಿಂಗಿತ್ತು ಸೆರಗು ಹಿಂಗಿತ್ತು ಅಂತ ಹೇಳಾಕೆ, ನನ್ನ ಕಣ್ಣೊಳಗೆ ಅವಳೆ, ನಿಮಗೆ ಹೆಂಗೆ ಕಿತ್ತು ಕೊಡ್ಲಿ ಅಂತಾಳೆ."

"ಮಗು ಇದ್ದಾಗ ನೀವು ಒಂದ್ಸಲನೂ ಬರೀಲಿಲ್ವಾ?"

ಚಿಕ್ಕಬೀರಯ್ಯ ಟೀ ಲೋಟವನ್ನು ಕೆಳಗಿಟ್ಟ. "ಒಂದ್ಸಲ ಬರ್ದಿದ್ದೆ. ಅದು ಎಲ್ಲೋ ಹೋಯ್ತು ಬುಡು" ಎಂದು ಹೊರಟ.

ಅವತ್ತು ಸದಾಶಿವನಗರದ ತನ್ನ ಬಾಡಿಗೆ ರೂಮಿಗೆ ನಡೆದು ಹೋಗುತ್ತ ಅಂಜನಮೂರ್ತಿಗೆ ಒಂದು ಯೋಚನೆ ಬಂತು. ಇಡೀ ಮುಖ ಒಟ್ಟಿಗೆ ನೆನಪಿಗೆ ಬಾರದಿದ್ದರೆ ಬಿಡಿಬಿಡಿಯಾಗಿ ಬಂದೀತು. ಬೇರೆಯವರು ಬರೆದ ಮುಖಗಳನ್ನು ನೋಡುತ್ತ ಹೋದರೆ, ಒಂದರಲ್ಲಿ ಮೂಗು, ಇನ್ನೊಂದರಲ್ಲಿ ಗದ್ದ, ಇದು ಅವಳದು ಎಂದು ಅನ್ನಿಸಬಹುದು. ಅನ್ನಿಸಿದ್ದನ್ನು ತಾನು ಕಾಗದಕ್ಕೆ ಇಳಿಸಿಕೊಳ್ಳುತ್ತ ಬಂದರೆ ಆದೀತು.

ಹಾಗೆ ಶುರುವಾಯಿತು ಅವರ ಭಾನುವಾರದ ತಿರುಗಾಟ. ಮೊದಲು ತುಮಕೂರಿನದೇ ಒಂದು ಚಿತ್ರಶಾಲೆ. ಯಾರೋ ಪುಣ್ಯಾತ್ಮರು ಕೊಟ್ಟ ಹಳೆಯ ಕಟ್ಟಡ, ಒಳಗೆ ಎರಡು ಉದ್ದನೆಯ ಕೋಣೆ, ಗೋಡೆ ತುಂಬ ಪೇಟದ ಯಜಮಾನರು, ಮೂಗುಬೊಟ್ಟಿನ ಯಜಮಾನಿಯರು. ಕಾವಲಿಗೆ ಹೊನ್ನಯ್ಯ ಎಂಬ ಮುದುಕ. ತಿಂಗಳಿಗೆ ನಾಲ್ಕು ಜನ ಬಂದರೆ ಹೆಚ್ಚು ಎನ್ನುವಂಥ ಜಾಗಕ್ಕೆ ಈ ಇಬ್ಬರು ವಾರವಾರವೂ ಬಂದು, ಒಂದೊಂದು ಪಟದ ಮುಂದೆ ಮೂಗು ತಾಗಿಸಿಕೊಂಡು ನಿಲ್ಲುವುದನ್ನು ನೋಡಿ ಅವನಿಗೆ ಅನುಮಾನ.

"ಏನ್ರಪ್ಪಾ, ಕದಿಯಾಕೆ ಅಳತೆ ತಗತಿದೀರಾ?"

"ಹೂಂ ಕಣಜ್ಜ. ಆ ಅಮ್ಮನ ಗದ್ದ ಒಂದು ಬೇಕಾಗಿತ್ತು" ಎಂದ ಚಿಕ್ಕಬೀರಯ್ಯ.

"ಗದ್ದ ತಾನೆ, ತಗಂಡೋಗು. ಮೂಗುತಿ ಮುಟ್ಟಬೇಡ, ಕಮಿಟಿಯೋರು ನನ್ನ ಕೇಳ್ತಾರೆ."

ಚಿಕ್ಕಬೀರಯ್ಯ ಹೀಗೆ ನಗಿಸುತ್ತಿದ್ದ. ಆದರೆ ಪಟದ ಮುಂದೆ ನಿಂತಾಗ ಅವನ ದವಡೆ ಬಿಗಿದುಕೊಳ್ಳುತ್ತಿತ್ತು. "ಇದಾ?" ಎಂದು ಅಂಜನಮೂರ್ತಿ ಕೇಳುವನು. "ಅಲ್ಲ." ಮುಂದಿನದು. "ಇದು?" "ಇರು... ಇರು... ಇಲ್ಲ, ಅಲ್ಲ." ಒಂದು ಗದ್ದ ಸಿಕ್ಕಿತು. ಹುಬ್ಬು ಸಿಕ್ಕಿತು ಅಂದ, ಮುಂದಿನ ವಾರ ಬಂದು ನೋಡಿ ಅಲ್ಲ ಅಂದ. ಸಿಕ್ಕಿದ್ದನ್ನೆಲ್ಲ ಅಂಜನಮೂರ್ತಿ ಒಂದು ದೊಡ್ಡ ಕಾಗದದ ಮೇಲೆ ಕೂಡಿಸುತ್ತ ಬಂದ. ಅದು ಯಾರೂ ಅಲ್ಲದ ಒಬ್ಬ ಹುಡುಗಿಯಾಗುತ್ತಿತ್ತು. ಅವನಿಗೇ ಅದು ಗೊತ್ತಾಗುತ್ತಿತ್ತು. ತನ್ನ ಯೋಚನೆಯೇ ತಪ್ಪೇನೋ, ಇದ್ದಬದ್ದ ನೆನಪನ್ನೂ ಕಲಸುತ್ತಿದ್ದೇನೇನೋ ಎಂಬ ಹೆದರಿಕೆ ಹುಟ್ಟಿತು. ಆದರೂ ಮುಂದಿನ ಭಾನುವಾರ ಮತ್ತೆ ಪೆನ್ಸಿಲು ಹಿಡಿದು ಹೊರಟ.

ಸಂಜೆ ಚಿಕ್ಕಬೀರಯ್ಯನ ಮನೆಗೆ ಬಂದರೆ ಅವನ ಹೆಂಡತಿ ಸಿದ್ದಲಕ್ಷ್ಮಮ್ಮ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತ ಕೂತಿರುತ್ತಿದ್ದಳು. "ಸಿಕ್ತಾ?" ಎನ್ನುವಳು, ಕಳೆದುಹೋದ ಕರುವನ್ನು ಹುಡುಕಿ ಬಂದವರನ್ನು ಕೇಳುವಂತೆ. "ಇಲ್ಲ." ಆಮೇಲೆ ಇಬ್ಬರಿಗೂ ಮುದ್ದೆ ಹಾಕುವಳು. ಚಿಕ್ಕಬೀರಯ್ಯ ಅರ್ಧ ಮುದ್ದೆ ತಿಂದು ಏಳುವನು. ಅಂಜನಮೂರ್ತಿಯ ಕಾಗದವನ್ನು ಅವಳು ಒಂದು ದಿನವೂ ಬಿಚ್ಚಿ ನೋಡಲಿಲ್ಲ.

ತುಮಕೂರಿನ ಪಟಗಳು ಮುಗಿದವು. ಕುಣಿಗಲ್ಲಿನಲ್ಲಿ ಒಂದು ಚಿತ್ರಗಳ ಮನೆಯಿದೆ ಎಂದು ಹೊನ್ನಯ್ಯನೇ ಹೇಳಿದ. ಮಾಘ ಮಾಸದ ಒಂದು ಭಾನುವಾರ ಹೆಬ್ಬೂರಿನ ಮೇಲೆ ಹೋಗುವ ಬಸ್ಸು ಹತ್ತಿದರು.

ಕುದುರೆ ಫಾರಮ್ಮಿನಲ್ಲಿ ಕೆಲಸದಲ್ಲಿದ್ದು ತೀರಿಕೊಂಡ ಯಾರೋ ಸಾಹೇಬರು ಕೂಡಿಟ್ಟ ಪಟಗಳು. ಸಾಹೇಬರ ಮನೆಯಲ್ಲಿ ಅಡಿಗೆ ಮಾಡಿಕೊಂಡಿದ್ದ ರಂಗಮ್ಮ ಎಂಬಾಕೆ ಈಗ ಬೀಗದ ಕೈ ಇಟ್ಟುಕೊಂಡು ಬಂದವರಿಗೆ ತೋರಿಸುತ್ತಿದ್ದಳು. ಒಳಗೆ ಹೋಗಿ ನೋಡಿದರೆ ಎಲ್ಲವೂ ಕುದುರೆಗಳೇ. ಕರಿ ಕುದುರೆ, ಕೆಂದ ಕುದುರೆ, ಮರಿಯೊಂದಿಗೆ ನಿಂತ ಹೆಣ್ಣು ಕುದುರೆ.

"ಲೇ ಮೂರ್ತಿ," ಎಂದ ಚಿಕ್ಕಬೀರಯ್ಯ. "ನನ್ನ ಮಗಳ ಮೂತಿ ಉದ್ದ ಅಂತ ಯಾವಾಗ್ಲಾ ಹೇಳ್ದೆ ನಿಂಗೆ?"

ಅಂಜನಮೂರ್ತಿ ಮುಖ ಕೆಂಪು ಮಾಡಿಕೊಂಡು ಕ್ಷಮೆ ಕೇಳತೊಡಗಿದ. ಬಸ್ಸಿನ ಖರ್ಚು, ಒಂದು ದಿನ ಹಾಳು, ಮೊದಲೇ ವಿಚಾರಿಸಬೇಕಿತ್ತು. ಚಿಕ್ಕಬೀರಯ್ಯ ಕೇಳಿಸಿಕೊಳ್ಳುತ್ತಿರಲಿಲ್ಲ. ಮೂಲೆಯ ಪಟವೊಂದರಲ್ಲಿ ಕುದುರೆಗೆ ಹುಲ್ಲು ಹಿಡಿದು ನಿಂತ ಸಣ್ಣ ಹುಡುಗಿಯೊಬ್ಬಳಿದ್ದಳು. ಪಕ್ಕಕ್ಕೆ ತಿರುಗಿದ್ದರಿಂದ ಕಿವಿ ಮಾತ್ರ ಚೆನ್ನಾಗಿ ಕಾಣುತ್ತಿತ್ತು. ತಲೆಗೆ ಅಂಟಿಕೊಳ್ಳದೆ ಹೊರಗೆ ಚಾಚಿಕೊಂಡ ಕಿವಿ.

"ಇದು" ಎಂದ ಅವನು. "ಈ ಕಿವಿ. ಕಳಶದ ವೀಳ್ಯದೆಲೆ ಹಂಗೆ ಈಚೆಗೆ ನಿಂತಿತ್ತು. ನಾನು ಹಿಡ್ಕಂಡು ಎಳೀತಿದ್ದೆ. ಅಪ್ಪಾ ಬುಡಪ್ಪಾ ಅನ್ನೋಳು."

ರಂಗಮ್ಮ ಸೆರಗಿನಿಂದ ಪಟದ ಧೂಳು ಒರೆಸಿದಳು. "ಮಕ್ಕಳ ಪಟ ನೋಡಬೇಕಾದ್ರೆ ಗುಬ್ಬಿಗೆ ಹೋಗಿ ಸ್ವಾಮಿ. ವೆಂಕಟರಂಗಯ್ಯನೋರು ಡ್ರಾಮಾ ಪರದೆಗಳ್ನೆಲ್ಲ ಗೋಡೌನಲ್ಲಿ ತೂಗುಹಾಕಿ ನೋಡೋಕೆ ಬಿಟ್ಟವ್ರೆ. ನಮ್ಮ ತಂಗಿ ಊರು ಅದೇ, ಸಂಕ್ರಾಂತಿಲಿ ಹೋಗಿದ್ದೆ. ಒಂದು ಬೆಣ್ಣೆ ಕೃಷ್ಣ ಐತೆ, ಎಷ್ಟು ಲಕ್ಷಣವಾಗೈತೆ ಅಂದ್ರೆ ಎತ್ಕೊಳ್ಳೋಣ ಅನ್ನಿಸ್ತದೆ."

ಅಂಜನಮೂರ್ತಿಗೆ ಖುಷಿಯಾಯಿತು. ಅಷ್ಟು ದಿನ ಬಚ್ಚಿಟ್ಟುಕೊಂಡಿದ್ದ ಜಂಬ ತಾನಾಗಿ ಹೊರಗೆ ಬಂತು. "ಬೀರಣ್ಣ, ಆ ಪರದೆಗಳನ್ನ ರಿಪೇರಿ ಮಾಡಿದ್ದು ನಾನೇ! ಮುಂದಿನ ವಾರ ಹೋಗೋಣ."

ಚಿಕ್ಕಬೀರಯ್ಯನ ಕಣ್ಣು ಬೇರೆಲ್ಲೋ ಇತ್ತು. "ಬೆಣ್ಣೆ ಕೃಷ್ಣನಾ? ಪಕ್ಕದಾಗೆ ಕರಿ ಕರ ಐತಾ ತಾಯಿ? ಬಾಲ ಎತ್ಕಂಡು?"

"ಐತೆ, ಐತೆ. ಚಂದಾಗೈತೆ ಕರನೂವೆ."

ಬಸ್ಸಿನಲ್ಲಿ ಕೂತ ಮೇಲೆ ಚಿಕ್ಕಬೀರಯ್ಯ ಹೇಳಿದ. ಹೇಳುವಾಗ ಅಂಜನಮೂರ್ತಿಯ ಮೊಣಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ.

"ಅದು ನಾನು ಬರ್ದಿದ್ದು ಕಣೋ. ವೆಂಕಟರಂಗಯ್ಯನೋರ ಲೆಕ್ಕ ಬರೆಯೋ ರೈಟ್ರು ಬಂದು ಒಂದು ಗೋಕುಲದ ಸೀನು ಬೇಕು ಅಂದ. ನಮ್ಮ ಮನೆ ಅಂಗಳದಾಗೇ ಬಟ್ಟೆ ಹಾಸಿ ಬರ್ದೆ. ಇವಳು ಎದುರಿಗೆ ಕೂತು ಬೆಲ್ಲ ತಿಂತಿದ್ಲು. ಅವತ್ತು ಅದೇನಾಯ್ತೋ, ಕೈಗೆ ಲಕ್ಷ್ಮಿ ಬರ್ಲಿಲ್ಲ, ಕೃಷ್ಣನೂ ಬರ್ಲಿಲ್ಲ, ಇವಳೇ ಬಂದ್ಲು. ಹಂಗೇ ಬಂದ್ಲು. ಅವಳು ಹೋದ ಮೇಲೆ ಓಡಿಹೋಗಿ ರೈಟ್ರನ್ನ ಕೇಳ್ದೆ. ಆ ಸೀನು ಮಂಡ್ಯ ಕಡೆಯೋರಿಗೆ ಮಾರಿಬಿಟ್ವಿ ಅಂದ. ಸುಳ್ಳು ಹೇಳವ್ನೆ, ಇಲ್ಲಾ ತಿರುಗ ತಗಂಡವ್ರೆ. ಇಲ್ಲೇ ಐತೆ ಕಣೋ ಮೂರ್ತಿ. ಗುಬ್ಬಿಲೇ ಅವಳೆ!"

ಅಂಜನಮೂರ್ತಿ ಕಿಟಕಿಯ ಕಡೆ ತಿರುಗಿದ. ಹೆಬ್ಬೂರಿನ ತೆಂಗಿನ ತೋಟಗಳು ಹಿಂದಕ್ಕೆ ಹೋಗುತ್ತಿದ್ದವು. ಅವನಿಗೆ ಬೆಣ್ಣೆ ಕೃಷ್ಣ ನೆನಪಾಗಿದ್ದ.

ಪರದೆಯ ಆ ಮುಖವನ್ನು ಮೊದಲು ನೋಡಿದಾಗ ಅವನು ನಕ್ಕಿದ್ದ. ಯಾವನೋ ಅರೆಬರೆ ಕಲಿತವನು ಬರೆದದ್ದು ಎಂದುಕೊಂಡಿದ್ದ. ಎಡಗಣ್ಣು ಬಲಗಣ್ಣಿಗಿಂತ ಒಂದು ನೂಲು ಕೆಳಗೆ. ಎಡಗಿವಿ ಈಚೆಗೆ. ಮುಂದಿನ ಒಂದು ಹಲ್ಲು ಬಿದ್ದು ಬಾಯಲ್ಲಿ ಕಿಂಡಿ. ದೇವರಿಗೆ ಹಲ್ಲು ಬಿದ್ದಿರುತ್ತದೆಯೇ? ಬೇರೆ ಯಾರಾದರೂ ಆಗಿದ್ದರೆ ಮಾಸಿದ ಕಡೆ ಬಣ್ಣ ಬಳಿದು ಬಿಟ್ಟುಬಿಡುತ್ತಿದ್ದರು. ಅಂಜನಮೂರ್ತಿ ಬಿಡುವವನಲ್ಲ. ಸ್ಕೇಲು ಇಟ್ಟು ಅಡ್ಡಗೆರೆ ಹಾಕಿ, ಕಣ್ಣನ್ನು ಎತ್ತಿ ಗೆರೆಯ ಮೇಲೆ ಕೂರಿಸಿದ್ದ. ಕಿವಿಯನ್ನು ಒಳಕ್ಕೆ ಸೇರಿಸಿದ್ದ. ಹಲ್ಲು ತುಂಬಿದ್ದ. ಒಂದು ಇಡೀ ಭಾನುವಾರ, ಊಟಕ್ಕೂ ಏಳದೆ.

ಬೇರೆ ಕೃಷ್ಣನಿರಬಹುದು ಎಂದುಕೊಂಡ. ಗೋಡೌನಿನಲ್ಲಿ ಇನ್ನೊಂದು ಬೆಣ್ಣೆ ಕೃಷ್ಣ ಇತ್ತೇ? ಇರಲಿಲ್ಲ.

ಆ ವಾರವೆಲ್ಲ ಪಂಪುಗಳ ಮೇಲಿನ ನಂಬರುಗಳು ಓರೆಯಾದವು. ಅವನು ಒರೆಸಲಿಲ್ಲ. ದಿನವೂ ಸಂಜೆ ತರಗತಿಯಲ್ಲಿ ಪಕ್ಕದಲ್ಲೇ ಚಿಕ್ಕಬೀರಯ್ಯ. ಹೇಳಬೇಕೆಂದು ಬಾಯಿ ತೆರೆಯುವನು. ಚಿಕ್ಕಬೀರಯ್ಯ ಮದುವೆಗೆ ಹೊರಟವನಂತೆ ಕ್ಷೌರ ಮಾಡಿಸಿಕೊಂಡು ಬಂದಿದ್ದ. "ಸಿದ್ದಲಕ್ಷ್ಮಿಗೆ ಹೇಳಿಲ್ಲ ಕಣೋ. ಮೊದ್ಲು ನಾನು ನೋಡ್ತೀನಿ, ಆಮೇಲೆ ಕರ್ಕೊಂಡೋಗಿ ಸಡನ್ನಾಗಿ ಮುಂದೆ ನಿಲ್ಲಿಸ್ತೀನಿ" ಎಂದ. ಅಂಜನಮೂರ್ತಿ ಪೆನ್ಸಿಲು ಹೆರೆಯತೊಡಗಿದ. ಶನಿವಾರ ರಾತ್ರಿ ಕಾಯಿಲೆ ಎಂದು ಹೇಳಿಕಳಿಸಿಬಿಡಲೇ ಎಂದೂ ಯೋಚಿಸಿದ. ಚಿಕ್ಕಬೀರಯ್ಯನೊಬ್ಬನೇ ಹೋಗಿ ಆ ಪರದೆಯ ಮುಂದೆ ನಿಲ್ಲುವುದನ್ನು ನೆನೆಸಿಕೊಂಡು ಬೆಳಿಗ್ಗೆ ಎದ್ದು ಹೊರಟ.

ಗುಬ್ಬಿಯಲ್ಲಿ ವೆಂಕಟರಂಗಯ್ಯ ಬಿಳಿ ಪಂಚೆ ಉಟ್ಟು ಗೋಡೌನಿನ ಬಾಗಿಲಲ್ಲೇ ಕೂತಿದ್ದರು. ಅಂಜನಮೂರ್ತಿಯನ್ನು ಕಂಡದ್ದೇ, "ಓಹೋ, ಬಾರಪ್ಪ ಬಾ, ನಮ್ಮ ಆರ್ಟಿಸ್ಟು!" ಎಂದು ಎದ್ದರು. ಒಳಗೆ ಸೂರಿನಿಂದ ನೆಲದವರೆಗೆ ಪರದೆಗಳು ಇಳಿಬಿದ್ದಿದ್ದವು. ದರ್ಬಾರು, ಸ್ಮಶಾನ, ಕಾಡು. ಚಿಕ್ಕಬೀರಯ್ಯ ಯಾವುದನ್ನೂ ನೋಡದೆ ನೆಟ್ಟಗೆ ಗೋಕುಲದ ಮುಂದೆ ಹೋಗಿ ನಿಂತ.

ತುಂಬ ಹೊತ್ತು ನಿಂತ.

"ಇದಲ್ಲ" ಎಂದ. ಮತ್ತೆ ಹತ್ತಿರ ಹೋದ. "ಗಡಿಗೆ ನಂದು. ಕರ ನಂದು. ಈ ಗೆಜ್ಜೆ ನಾನೇ ಇಟ್ಟಿದ್ದು, ಒಂದು ಕಾಲಿಗೆ ಮಾತ್ರ, ಇನ್ನೊಂದು ಅವಳು ಕಳ್ಕಂಡಿದ್ಲು ಅಂತ." ಅವನ ಬೆರಳು ಮೆಲ್ಲಗೆ ಮೇಲಕ್ಕೆ ಹೋಗಿ ಮುಖದ ಹತ್ತಿರ ನಿಂತಿತು. "ಮಕ ಯಾರ್ದು ಇದು?"

ಮುಖ ತಪ್ಪೇ ಇಲ್ಲದಂತಿತ್ತು. ಎರಡು ಕಣ್ಣೂ ಒಂದೇ ಗೆರೆಯ ಮೇಲೆ ಕೂತಿದ್ದವು.

"ಅದು ನಮ್ಮ ಮೂರ್ತಿಯೋರ ಕೆಲ್ಸ" ಎಂದರು ವೆಂಕಟರಂಗಯ್ಯ ಹಿಂದಿನಿಂದ, ಅಭಿಮಾನ ತುಂಬಿ. "ಮುಂಚೆ ನೋಡಬೇಕಿತ್ತು ನೀವು. ಅದ್ಯಾವನೋ ಬರ್ದಿದ್ದ, ಮೆಳ್ಳಗಣ್ಣು, ಬೋಡುಬಾಯಿ. ಥೂ, ಮಗುನ ಮೂತಿ ನೋಡೋಕಾಗ್ತಿರ್ಲಿಲ್ಲ. ಈಗ ದೇವರಂಗೆ ಆಗೈತೆ."

ಚಿಕ್ಕಬೀರಯ್ಯ ತಿರುಗಿ ಅಂಜನಮೂರ್ತಿಯನ್ನು ನೋಡಿದ. ಬೈಗುಳ ಬಂದಿದ್ದರೆ, ಏಟು ಬಿದ್ದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಅವನು ಬರಿದೇ ನೋಡಿದ.

"ಗೊತ್ತಿರ್ಲಿಲ್ಲ ಬೀರಣ್ಣ. ನಿಮ್ಮ ಪರಿಚಯನೇ ಇರ್ಲಿಲ್ಲ ಆಗ. ನಾನು... ತಪ್ಪು ಅಂತ..."

"ಈ ಬಣ್ಣದ ಕೆಳಗೆ ಅವಳೆ" ಎಂದ ಚಿಕ್ಕಬೀರಯ್ಯ. ಹೆಬ್ಬೆರಳನ್ನು ಬಾಯಿಗಿಟ್ಟು ಎಂಜಲು ಮಾಡಿಕೊಂಡ. ಬೋರ್ಡಿನ ಮೇಲೆ ಎಣ್ಣೆಬಣ್ಣದ ತಪ್ಪು ಗೆರೆಯನ್ನು ಬಟ್ಟೆಯಿಂದ ಒರೆಸಿದರೆ ಕೆಳಗಿನ ಒಣಗಿದ ಬಣ್ಣ ಹಾಗೇ ಇರುತ್ತದೆ, ಅದು ಅವನ ದಿನದಿನದ ಕೆಲಸ. ಇದು ಬೋರ್ಡಲ್ಲ ಎಂಬುದು ಆ ಗಳಿಗೆಯಲ್ಲಿ ಅವನಿಗೆ ಹೊಳೆಯಲಿಲ್ಲ.

"ಬೇಡ ಬೀರಣ್ಣ! ಇದು ಅಂಟುನೀರಿನ ಬಣ್ಣ, ಎರಡೂ ಎದ್ದು ಬರ್ತವೆ!"

ಅಷ್ಟರಲ್ಲಿ ಹೆಬ್ಬೆರಳು ಎಡಗಣ್ಣಿನಿಂದ ಕೆನ್ನೆಯವರೆಗೆ ಉಜ್ಜಿಯಾಗಿತ್ತು. ಮೇಲಿನ ಬಣ್ಣ ಬಂತು. ಅದರ ಜೊತೆಗೇ ಕೆಳಗಿನದೂ ಬಂತು. ಒಂದು ಕ್ಷಣ, ಎರಡೂ ಕಲಸಿಹೋಗುವ ಮುಂಚೆ, ಎಡಗಣ್ಣಿನ ಕೆಳಗೆ ಇನ್ನೊಂದು ಕಣ್ಣಿನ ರೆಪ್ಪೆ ಕಂಡಂತಾಯಿತು. ಆಮೇಲೆ ಬರೀ ಕೋರಾ ಬಟ್ಟೆ.

ವೆಂಕಟರಂಗಯ್ಯ ಕೂಗಾಡಿದರು. ಹುಚ್ಚನನ್ನು ಕರೆತಂದಿದ್ದೀಯೆ ಎಂದು ಅಂಜನಮೂರ್ತಿಯನ್ನು ಬೈದರು. ಅವನು ಎಲ್ಲದಕ್ಕೂ ಕೈಮುಗಿದು, ಚಿಕ್ಕಬೀರಯ್ಯನ ತೋಳು ಹಿಡಿದು ಹೊರಗೆ ಕರೆತಂದ.

ಬಸ್‌ಸ್ಟಾಂಡಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತರು. ಚಿಕ್ಕಬೀರಯ್ಯನ ಬಲಗೈ ಹೆಬ್ಬೆರಳಿನ ತುಂಬ ನಸುಗೆಂಪು ಬಣ್ಣ ಹತ್ತಿತ್ತು. ಎಲ್ಲಿಗೂ ತಾಗದಂತೆ ಅದನ್ನು ಮೇಲಕ್ಕೆತ್ತಿ ಹಿಡಿದಿದ್ದ. ತುಮಕೂರಿನ ಬಸ್ಸೊಂದು ಬಂತು, ಹೋಯಿತು.

"ಏನೇನ್ ತಪ್ಪು ಕಂಡ್ವು ನಿಂಗೆ?" ಎಂದ ಚಿಕ್ಕಬೀರಯ್ಯ.

"ಬೀರಣ್ಣ, ದಯವಿಟ್ಟು..."

"ಬೈಯ್ಯಕಲ್ಲ ಕಣೋ ಕೇಳ್ತಿರೋದು. ಸರಿ ಮಾಡ್ಬೇಕಾದ್ರೆ ತಪ್ಪು ನೋಡಿರ್ತೀಯಲ್ಲ. ನನಗಿಂತ ಚೆನ್ನಾಗಿ ನೋಡಿರ್ತೀಯ, ನೀನು ಅಂಥೋನು. ಹೇಳು. ಕಣ್ಣು ಹೆಂಗಿತ್ತು?"

"ಎಡಗಣ್ಣು... ಒಂದು ನೂಲು ಕೆಳಗಿತ್ತು."

ಚಿಕ್ಕಬೀರಯ್ಯ ಕಣ್ಣು ಮುಚ್ಚಿದ. "ಹೂಂ. ಕೆಳಗೇ ಇತ್ತು. ಮುಂದೆ."

"ಅದರ ರೆಪ್ಪೆ ಸ್ವಲ್ಪ ಜೋತಿತ್ತು. ನಿದ್ದೆಯಿಂದ ಎದ್ದೋರ ಹಂಗೆ."

"ಹೂಂ, ಹೂಂ."

"ಎಡಗಿವಿ ಈಚೆಗೆ. ಮೇಲಿನ ಹಲ್ಲು ಒಂದು ಇರ್ಲಿಲ್ಲ, ನಾಲಿಗೆ ತುದಿ ಅಲ್ಲಿ ಒಂಚೂರು ಕಾಣ್ತಿತ್ತು. ನಾನು ಅದನ್ನ ಬಣ್ಣ ಚೆಲ್ಲಿದೆ ಅಂದ್ಕೊಂಡೆ."

"ನಾಲಿಗೆ!" ಚಿಕ್ಕಬೀರಯ್ಯ ನಕ್ಕುಬಿಟ್ಟ. ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು. "ಆ ಕಿಂಡಿಲಿ ನಾಲಿಗೆ ತೂರಿಸೋಳು ಕಣೋ, ಹಗಲೂ ರಾತ್ರಿ. ಮರ್ತೇ ಹೋಗಿತ್ತಲ್ಲೋ! ಹೇಳು, ಹೇಳು."

"ಹಣೆ ಮೇಲೆ ಒಂದು ಸುಳಿ, ಕೂದಲು ಮೇಲಕ್ಕೆ ನಿಂತಿತ್ತು. ಕಿರೀಟ ಕೂರಲ್ಲ ಅಂತ ಮುಚ್ಚಿದೆ. ಮೇಲ್ತುಟಿ ಒಂದು ಕಡೆ ಎತ್ತಿತ್ತು." ಹೇಳುತ್ತ ಹೇಳುತ್ತ ಅಂಜನಮೂರ್ತಿ ಜೇಬಿನಿಂದ ಪೆನ್ಸಿಲು ತೆಗೆದು ಕಾಗದ ಬಿಚ್ಚಿದ. ಚಿಕ್ಕಬೀರಯ್ಯ ಕಣ್ಣು ತೆರೆಯದೆಯೇ ಎಡಗೈಯಿಂದ ಅವನ ಮಣಿಕಟ್ಟು ಹಿಡಿದ.

"ಬರೀಬೇಡ. ನಿನ್ನ ಕೈ ತಿರುಗ ಸರಿ ಮಾಡ್ತದೆ. ಬಾಯಲ್ಲಿ ಹೇಳು. ಈಗ ಕಾಣ್ತಾವ್ಳೆ. ಇನ್ನೇನಿತ್ತು?"

ಅಂಜನಮೂರ್ತಿ ಹುಡುಕಿದ. ಮತ್ತೊಮ್ಮೆ ಹಣೆಯಿಂದ ಗದ್ದದವರೆಗೆ ಬಂದ. ಎಲ್ಲ ಹೇಳಿಯಾಗಿತ್ತು. ತಪ್ಪುಗಳು ಮುಗಿದಿದ್ದವು.

"ಇನ್ನೇನಿತ್ತು ಮೂರ್ತಿ? ನಿಲ್ಲಿಸಬೇಡ ಕಣೋ."

ಮಣಿಕಟ್ಟಿನ ಮೇಲಿನ ಹಿಡಿತ ಬಿಗಿಯಾಯಿತು. ಪಂಪಿನ ಮೇಲೆ ಒಂದು ಸೊನ್ನೆಯನ್ನೂ ಸುಳ್ಳಾಗಿ ಬರೆಯದವನು, "ಗಲ್ಲದ ಮೇಲೆ ಒಂದು ಮಚ್ಚೆ ಇತ್ತು" ಎಂದ. ಬಾಯಿಂದ ಬಂದ ಮೇಲೆಯೇ ತಾನು ಏನು ಹೇಳಿದೆನೆಂದು ಅವನಿಗೆ ಗೊತ್ತಾದದ್ದು.

ಚಿಕ್ಕಬೀರಯ್ಯನ ಹುಬ್ಬು ಗಂಟಿಕ್ಕಿತು. ಅಂಜನಮೂರ್ತಿ ಮನಸ್ಸಿನಲ್ಲೇ ಬೇಡಿಕೊಂಡ. ಇರಲಿಲ್ಲ ಎನ್ನಲಿ, ದೇವರೇ, ಇರಲಿಲ್ಲ ಎಂದುಬಿಡಲಿ. ಮೆಲ್ಲಗೆ ಆ ಹುಬ್ಬು ಸಡಿಲವಾಯಿತು.

"ಹೂಂ ಕಣೋ" ಎಂದ ಚಿಕ್ಕಬೀರಯ್ಯ. "ಇತ್ತು. ಸಣ್ಣದು. ಕಾಣ್ತು ಈಗ. ಅದೊಂದು ಮರೆತಿದ್ದಕ್ಕೇ ಇಷ್ಟು ದಿನ ತಿರುಗಿರ್ಲಿಲ್ಲ ಅವಳು."

ಮುಂದಿನ ಬಸ್ಸು ಹತ್ತಿದರು. ಮಲ್ಲಸಂದ್ರ ಬಂತು, ಹೆಗ್ಗೆರೆ ಬಂತು. ದಾರಿಯುದ್ದಕ್ಕೂ ಚಿಕ್ಕಬೀರಯ್ಯ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡೇ ಇದ್ದ. ಮುಖದಲ್ಲಿ ನೆಮ್ಮದಿಯಿತ್ತು. ಹೆಬ್ಬೆರಳನ್ನು ಮಾತ್ರ ಹಾಗೇ ಎತ್ತಿ ಹಿಡಿದಿದ್ದ. ಅಂಜನಮೂರ್ತಿ ಪ್ರತಿ ಸ್ಟಾಪಿನಲ್ಲೂ, ಈಗ ಹೇಳುತ್ತೇನೆ, ಮುಂದಿನ ಸ್ಟಾಪಿನಲ್ಲಿ ಹೇಳುತ್ತೇನೆ ಎಂದುಕೊಂಡ. ಸಿದ್ದಲಕ್ಷ್ಮಮ್ಮನ ನೆನಪಾಯಿತು. ಅವಳು ಒಂದನ್ನೂ ಮರೆತವಳಲ್ಲ.

ಸಿದ್ದಲಕ್ಷ್ಮಮ್ಮ ಬಾಗಿಲಲ್ಲೇ ಇದ್ದಳು. "ಸಿಕ್ತಾ?"

"ಸಿಕ್ಕಿದ್ಲು ಕಣೇ" ಎಂದ ಚಿಕ್ಕಬೀರಯ್ಯ. ಚಪ್ಪಲಿ ಬಿಡುವುದನ್ನೂ ಮರೆತು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ. "ಕಣ್ಣು, ಕಿವಿ, ಆ ನಾಲಿಗೆ ತೂರಿಸೋದು, ಎಲ್ಲ ಸಿಕ್ತು. ಗಲ್ಲದ ಮೇಲೆ ಮಚ್ಚೆ ಇತ್ತಲ್ಲ, ಅದು ನಂಗೆ ಮರ್ತೇ ಹೋಗಿತ್ತು ನೋಡು. ಮೂರ್ತಿ ಹೇಳ್ದ."

ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು. ಅವಳು ಗಂಡನ ಮುಖವನ್ನು ನೋಡಿದಳು, ಆ ಮುಖದಲ್ಲಿ ಎರಡು ವರ್ಷದಿಂದ ಇಲ್ಲದಿದ್ದುದನ್ನು ನೋಡಿದಳು. ಆಮೇಲೆ ತಲೆಯೆತ್ತಿ ಅಂಜನಮೂರ್ತಿಯನ್ನು ನೋಡಿದಳು. ಅವನು ಹೊಸಿಲಿನ ಆಚೆಯೇ ನಿಂತಿದ್ದ.

"ಯಾವ ಗಲ್ಲ ಮೂರ್ತಣ್ಣ?"

ಚಿಕ್ಕಬೀರಯ್ಯನೂ ಅವನನ್ನೇ ನೋಡುತ್ತಿದ್ದ, ಮಗುವಿನಂತೆ.

"ಎಡಗಲ್ಲ" ಎಂದ ಅಂಜನಮೂರ್ತಿ.

ಅವಳು ಮತ್ತೊಮ್ಮೆ ಗಂಡನ ಮುಖ ನೋಡಿದಳು.

"ಹೂಂ. ಎಡಗಲ್ಲನೇ" ಎಂದಳು. ಮಡಿಲಲ್ಲಿದ್ದ ಸೊಪ್ಪಿನ ಕಡ್ಡಿಗಳನ್ನು ಕೊಡವಿ ಎದ್ದಳು. "ಕೈ ತೊಳ್ಕೊಳಿ. ಮುದ್ದೆ ಆರೋಗ್ತದೆ."

ಚೊಂಬು ತಂದು ಬಚ್ಚಲ ಕಲ್ಲಿನ ಹತ್ತಿರ ಬಗ್ಗಿ ನಿಂತಳು. ಗುಬ್ಬಿಯಿಂದ ಇಲ್ಲಿಯವರೆಗೆ ಹೆಬ್ಬೆರಳನ್ನು ಗಾಳಿಗೂ ತಾಗಿಸದೆ ತಂದಿದ್ದ ಚಿಕ್ಕಬೀರಯ್ಯ, ಅದನ್ನು ನೋಡಿಯೂ ನೋಡದೆ, ಎರಡು ಕೈಗಳನ್ನೂ ನೀರಿಗೆ ಚಾಚಿದ. ಅವಳು ಹುಯ್ದಳು. ಅವನು ಚೆನ್ನಾಗಿ ಉಜ್ಜಿ ತೊಳೆದ. ಕಲ್ಲಿನ ಮೇಲೆ ನಸುಗೆಂಪು ನೀರು ಒಂದು ಗೇಣು ಹರಿಯಿತು. ಅವಳು ಇನ್ನೊಂದು ಚೊಂಬು ನೀರು ಹುಯ್ದ ಮೇಲೆ ಕಲ್ಲು ತೊಳೆದುಕೊಂಡು ಮೊದಲಿನಂತಾಯಿತು.

ಅವತ್ತು ಚಿಕ್ಕಬೀರಯ್ಯ ಪೂರ್ತಿ ಮುದ್ದೆ ಉಂಡು, ಇನ್ನರ್ಧ ಹಾಕಿಸಿಕೊಂಡ. ಅಂಜನಮೂರ್ತಿ ಮೊದಲ ತುತ್ತನ್ನು ಬಾಯಲ್ಲಿಟ್ಟುಕೊಂಡು, ನುಂಗಲಾರದೆ ಕೂತಿದ್ದ. ಸಿದ್ದಲಕ್ಷ್ಮಮ್ಮ ಒಲೆಯ ಕಡೆ ತಿರುಗಿ, ಇಬ್ಬರಿಗೂ ಬೆನ್ನು ಮಾಡಿ, ಆಗಲೇ ಆರಿದ್ದ ಒಲೆಯನ್ನು ಊದುತ್ತಲೇ ಇದ್ದಳು.